ಸುಧಾರಿಸಿಕೊಳ್ಳಿ

ಪಾಲಿಕೆಗೆ ಸುಧಾರಣೆ ಬಂದಾಗ ಮೊದಲು ನೆಲಕ್ಕುರುಳಿದ್ದು ಹೆಂಗಸರ ಕಕ್ಕಸು.

ಅದೇನು ಅರಮನೆಯಲ್ಲ. ವಾರ್ಡ್ ಆಫೀಸಿನ ಹಿಂದೆ, ಕಸದ ಗಾಡಿಗಳು ನಿಲ್ಲುವ ಜಾಗದ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಗೂಡು. ಬಾಗಿಲಿನ ಕೆಳಗಿನ ಅರ್ಧವನ್ನು ಹೆಗ್ಗಣಗಳು ತಿಂದು ಮುಗಿಸಿದ್ದವು. ಚಿಲಕವಿರಲಿಲ್ಲ. ಒಳಗೆ ಕೂತವಳು ಕೆಮ್ಮುತ್ತಿರಬೇಕು, ಹೊರಗಿನವರಿಗೆ ತಿಳಿಯಲಿ ಎಂದು. ಹಾಗೆ ಕೆಮ್ಮಿ ಕೆಮ್ಮಿಯೇ ತಂಡದ ಮುದುಕಿಯೊಬ್ಬಳಿಗೆ ಕೆಮ್ಮಜ್ಜಿ ಎಂಬ ಹೆಸರು ಬಿದ್ದಿತ್ತು. ನಾರುತ್ತಿತ್ತು, ಸೋರುತ್ತಿತ್ತು, ಆದರೂ ಇತ್ತು. ನಸುಕಿಗೆ ಪೊರಕೆ ಹಿಡಿದು ಮಧ್ಯಾಹ್ನದವರೆಗೆ ಬೀದಿ ಗುಡಿಸುವ ಹೆಂಗಸರಿಗೆ ಅಷ್ಟು ದೊಡ್ಡ ಊರಿನಲ್ಲಿ ಇದ್ದ ಮರೆ ಅದೊಂದೇ.

ಅದನ್ನು ಕೆಡವಿ ಹುಲ್ಲುಹಾಸು ಮಾಡಿದರು. ಹುಲ್ಲಿನ ಸುತ್ತ ದೀಪ ನೆಟ್ಟರು. ದೀಪದ ಕಂಬಕ್ಕೆ ಕ್ಯಾಮೆರಾ ಕಟ್ಟಿದರು.

ಇದೆಲ್ಲ ಹೊಸ ಆಯುಕ್ತರ ಕೆಲಸ. ಅವರ ಅಂಗಿ ಬೆಳಗ್ಗೆ ಹೇಗಿರುತ್ತಿತ್ತೋ ಸಂಜೆಗೂ ಹಾಗೇ ಗರಿಗರಿ. ಹೆಂಗಸರು ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರಿಟ್ಟರು. "ಮೇಲೆ ಇಸ್ತ್ರಿ, ಕೆಳಗೆ ಮೇಸ್ತ್ರಿ, ಅವರ ಕೆಳಗೆ ನಾವು, ಮುದುರಿದ ಬಟ್ಟೆ" ಎಂದು ಕೆಮ್ಮಜ್ಜಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ಇಲ್ಲದ್ದು ಹೇಳಬಾರದು, ಸಾಹೇಬರಿಂದ ಒಳ್ಳೆಯದೂ ಆಯಿತು. ಮುಂಚೆ ಆಫೀಸಿನಲ್ಲಿ ಒಂದು ಸಹಿಗೆ ಚಪ್ಪಲಿ ಸವೆಯುತ್ತಿತ್ತು. ಈಗ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ತಂಪು, ಮೆತ್ತನೆ ಕುರ್ಚಿ, ಟೋಕನ್ ಕೊಡುವ ಯಂತ್ರ. ಲಂಚವಿಲ್ಲ. ಗುಡಿಸುವ ತಂಡದ ಉದ್ದಿ ತನ್ನ ಮೊಮ್ಮಗುವಿನ ಜನನ ಪತ್ರಕ್ಕೆ ರಜೆಯ ದಿನ ಒಳ್ಳೆಯ ಬಟ್ಟೆ ಉಟ್ಟು ಹೋಗಿದ್ದಾಗ ಕೌಂಟರಿನ ಹುಡುಗಿ, "ಕೂತ್ಕೊಳ್ಳಿ ಅಮ್ಮ, ಈಗಲೇ ಆಗತ್ತೆ" ಎಂದಿದ್ದಳು. ಹಾಗೆಯೇ ಆಯಿತು ಕೂಡ. ಮರುದಿನ ಅದೇ ಉದ್ದಿ ಕೆಲಸದ ಹಳದಿ ಕೋಟು ತೊಟ್ಟು ಅದೇ ಕೌಂಟರಿನ ಕೆಳಗೆ ನೆಲ ಒರೆಸುವಾಗ ಅದೇ ಹುಡುಗಿ ಕಾಲು ಮೇಲೆತ್ತಿಕೊಂಡಳು. ಗುರುತೂ ಹಿಡಿಯಲಿಲ್ಲ.

ಉದ್ದಿ ಎಂದರೆ ಎತ್ತರದ ಹೆಂಗಸು. ಉದ್ದ ಹಿಡಿಯ ಪೊರಕೆಯೂ ಅವಳಿಗೆ ಗಿಡ್ಡವೇ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಮಾತು ಕಡಿಮೆ. ಆಡಬೇಕಾದ ಮಾತನ್ನು ನುಂಗಿ ನುಂಗಿ ಗಂಟಲೇ ಗಟ್ಟಿಯಾಗಿದೆ ಎಂದು ಅವಳ ತಂಗಿ ಚೇಷ್ಟೆ ಮಾಡುತ್ತಿದ್ದಳು. ತಂಗಿಯೂ ಅದೇ ತಂಡದಲ್ಲಿ ಗುಡಿಸುವವಳು. ಅಕ್ಕನ ಎದೆಮಟ್ಟಕ್ಕೂ ಬರದ, ಬಾಯಿ ಬಿಟ್ಟರೆ ನಗುವ ಹೆಣ್ಣು.

ಹಳೆಯ ಗೂಡು ಹೋದ ವಾರವೇ ಉದ್ದಿ ಬಾಯಿ ಬಿಟ್ಟಳು.

"ಮೇಸ್ತ್ರಿ, ನಾವೆಲ್ಲಿಗೆ ಹೋಗ್ಬೇಕು?"

"ಎಲ್ಲಿಗೆ ಅಂದ್ರೆ?"

"ಎಲ್ಲಿಗೆ ಅಂದ್ರೆ ಎಲ್ಲಿಗೆ. ಇದ್ದಿದ್ದನ್ನ ಕೆಡವಿದ್ರಲ್ಲ."

ಮೇಸ್ತ್ರಿ ಫೋನಿನಿಂದ ತಲೆ ಎತ್ತಲಿಲ್ಲ. ಒಂದು ಕಾಲಕ್ಕೆ ಅವನೂ ಚರಂಡಿಗೆ ಇಳಿದವನೇ. ಈಗ ಒಣಗಿದ ಬೂಟು ಹಾಕುತ್ತಿದ್ದ. "ಸ್ವಲ್ಪ ಸುಧಾರಿಸ್ಕೊಳ್ಳಿ. ಎಲ್ಲಾ ಸುಧಾರಣೆ ಆಗ್ತಾ ಇದೆಯಲ್ಲ" ಎಂದ.

"ಒಳಗೆ ಹೊಸದು ಕಟ್ಟಿದಾರಲ್ಲ."

"ಬೋರ್ಡ್ ಓದೋಕೆ ಬರಲ್ವಾ? ನಾಗರಿಕರಿಗೆ ಮಾತ್ರ."

"ನಾವು ನಾಗರಿಕರಲ್ವಾ?"

"ಯಾರು ಅಲ್ಲ ಅಂದ್ರು? ಕೋಟು ಬಿಚ್ಚಿದ ಮೇಲೆ ನೀವೂ ನಾಗರಿಕರೇ. ಡ್ಯೂಟಿ ಮುಗಿಸ್ಕೊಂಡು ಬನ್ನಿ, ಬೇಡ ಅನ್ನಲ್ಲ."

ಕೋಟು ತೊಟ್ಟವಳಿಗೆ ಒತ್ತಡ ಬರಬಾರದು, ಬಂದರೆ ಕೋಟು ಬಿಚ್ಚುವವರೆಗೆ ಕಾಯಬೇಕು ಎಂದಾಯಿತು. ಕೋಟು ಬಿಚ್ಚಿದರೆ ಹಾಜರಿ ಇಲ್ಲ. ಮೇಲಿನವರು ಸುಧಾರಣೆ ಮಾಡುತ್ತಾರೆ, ಕೆಳಗಿನವರು ಸುಧಾರಿಸಿಕೊಳ್ಳುತ್ತಾರೆ. ಎರಡೂ ಒಂದೇ ಮಾತಿನಿಂದ ಹುಟ್ಟಿವೆ ಎಂದರೆ ನಂಬುವುದು ಕಷ್ಟ.

ಆ ಹೊಸ ಶೌಚಾಲಯವನ್ನು ತೊಳೆಯುತ್ತಿದ್ದವಳು ಉದ್ದಿಯೇ. ಬಿಳಿ ಹಾಸುಗಲ್ಲು, ಬಿಳಿ ಕಮೋಡು, ಕನ್ನಡಿ, ಕೈ ಒಣಗಿಸಲು ಬಿಸಿ ಗಾಳಿ. ಹೊರಗೆ ಗೋಡೆಗೆ ಒಂದು ಗುಂಡಿಯೊತ್ತುವ ಫಲಕ. ಬಳಸಿದವರು ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಬೇಕು. ನಗುವ ಮುಖ ಹೆಚ್ಚಾದರೆ ವಾರ್ಡಿಗೆ ನಕ್ಷತ್ರ. ನಕ್ಷತ್ರಕ್ಕೆ ಕಲೆಯಾಗದಿರಲಿ ಎಂದು ಬಾಗಿಲಿಗೆ ಬೀಗ. ಕೀಲಿ ಮೇಸ್ತ್ರಿಯ ಸೊಂಟದಲ್ಲಿ. ಕೇಳಿದ ನಾಗರಿಕರಿಗೆ ತೆಗೆದು ಕೊಡುತ್ತಿದ್ದ. ಬೆಳಗ್ಗೆ ಉದ್ದಿ ತೊಳೆಯುವಾಗ ಬಾಗಿಲು ತೆರೆದೇ ಇರಬೇಕು, ಅವನು ಅಲ್ಲಿಯೇ ನಿಂತಿರುತ್ತಿದ್ದ. ಹೊಟ್ಟೆಯ ಕೆಳಗೆ ಕಲ್ಲಿನಂತೆ ತುಂಬಿಕೊಂಡು, ಮೊಣಕಾಲೂರಿ, ನೀರು ಹರಿಯುವ ಸದ್ದು ಕೇಳುತ್ತ, ಅವಳು ಇನ್ನೊಬ್ಬರ ಕಮೋಡನ್ನು ಉಜ್ಜುತ್ತಿದ್ದಳು. ಆಸಿಡ್ಡು ತಗುಲಿ ಬೆರಳ ತುದಿ ಬೆಳ್ಳಗಾಗಿತ್ತು.

ಒಂದು ಬೆಳಗ್ಗೆ ತಡೆಯಲಾಗಲಿಲ್ಲ. ಬಾಗಿಲು ಹಾಕಿಕೊಂಡಳು. ಕೂತಳೋ ಇಲ್ಲವೋ, ಮೇಸ್ತ್ರಿ ದಬದಬ ಬಡಿದ. ಅವಳು ಅರ್ಧಕ್ಕೇ ಎದ್ದು ಬಂದಳು. ಬಟ್ಟೆ ಒದ್ದೆಯಾಗಿತ್ತು. ತಂಡದ ಹೆಂಗಸರು, ಗಾಡಿಯ ಚಾಲಕರು, ಟೋಕನ್ನಿಗೆ ಬೇಗ ಬಂದ ನಾಲ್ಕು ಜನ, ಎಲ್ಲರ ಎದುರಿಗೆ ಮೇಸ್ತ್ರಿ ಹೇಳಿದ: "ನೀನು ಕೂತ ಜಾಗದಲ್ಲಿ ಜನ ಕೂರ್ತಾರಾ? ಇನ್ನೊಂದ್ಸಲ ತೊಳಿ. ಫಿನಾಯಿಲ್ ಜಾಸ್ತಿ ಹಾಕು."

ಅವಳು ತೊಳೆದಳು. ಫಿನಾಯಿಲ್ ಜಾಸ್ತಿಯೇ ಹಾಕಿದಳು. ನಾಚಿಕೆಯಿಂದ ಕೈ ಜೋರಾಗಿ ಓಡುತ್ತಿತ್ತು. ನಾಚಿಕೆಪಡಬೇಕಾದವಳು ತಾನಲ್ಲ ಎಂದು ಅವಳಿಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಈ ನಡುವೆ ಇನ್ನೊಂದು ಸುಧಾರಣೆ ಬಂತು. ಸ್ವಚ್ಛತಾ ಸಿಬ್ಬಂದಿಯನ್ನು ಇನ್ನು ಮೇಲೆ ಏಕವಚನದಲ್ಲಿ ಕರೆಯಕೂಡದು, ಹೆಂಗಸರನ್ನು ಅಕ್ಕ ಎನ್ನಬೇಕು, ಗಂಡಸರನ್ನು ಅಣ್ಣ ಎನ್ನಬೇಕು ಎಂದು ಆಯುಕ್ತರ ಆಜ್ಞೆ. ಮೇಸ್ತ್ರಿ ಅದನ್ನು ನಾಲಿಗೆಗೆ ಹತ್ತಿಸಿಕೊಳ್ಳಲು ಒದ್ದಾಡಿದ. "ಏಯ್ ಅಕ್ಕ, ಬಾರೇ ಇಲ್ಲಿ" ಎಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಉದ್ದಿಗೆ ನಗು ಬರಲಿಲ್ಲ. ಅವಳನ್ನು ಅಕ್ಕ ಎನ್ನಲು ಒಬ್ಬಳು ಇದ್ದಳು, ಅವಳಿಗೆ ಯಾರ ಆಜ್ಞೆಯೂ ಬೇಕಿರಲಿಲ್ಲ.

ನೀರು ಕುಡಿದರೆ ತಾನೇ ಹೋಗಬೇಕಾಗುವುದು. ಹೆಂಗಸರು ನೀರು ಬಿಟ್ಟರು. ಮನೆಯಿಂದ ಹೊರಡುವಾಗ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು, ಅಷ್ಟೇ. ಬಿಸಿಲೇರಿದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಧೂಳು ಮೂಗಿನಲ್ಲಿ ಗಟ್ಟಿಯಾಗುತ್ತಿತ್ತು. ತಿಂಗಳ ದಿನಗಳಲ್ಲಂತೂ ಕೇಳುವುದೇ ಬೇಡ. ಒಂದೇ ಬಟ್ಟೆಯಲ್ಲಿ, ತೊಡೆ ಸುಲಿದು, ಕಾಲು ಅಗಲಿಸಿ ನಡೆಯುತ್ತ ಊರು ಗುಡಿಸುತ್ತಿದ್ದರು. ಯಾವುದಾದರೂ ಮನೆಯ ಬಾಗಿಲು ತಟ್ಟಿ ಕೇಳಿದರೆ, "ನಮ್ಮದರಲ್ಲಿ ನೀರು ಬರ್ತಿಲ್ಲ" ಎನ್ನುತ್ತಿದ್ದರು. ಒಳಗೆ ನಲ್ಲಿ ಸುರಿಯುವುದು ಕೇಳಿಸುತ್ತಿತ್ತು.

ಮೊದಲು ಬಿದ್ದವಳು ತಂಗಿ. ಪೊರಕೆ ಹಿಡಿದವಳು ಹಿಡಿದಂತೆಯೇ ಫುಟ್‌ಪಾತಿನ ಅಂಚಿಗೆ ಕೂತಳು, ಮೇಲೇಳಲಿಲ್ಲ. ಮೈ ಕೆಂಡ. ಉದ್ದಿ ಅವಳನ್ನು ಕಸದ ಕೈಗಾಡಿಯಲ್ಲಿಯೇ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋದಳು. ದಾರಿಯಲ್ಲಿ ಜನ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ಅಷ್ಟರ ಮಟ್ಟಿಗೆ ದಾರಿ ಸಲೀಸಾಯಿತು.

ವೈದ್ಯೆ, ನಳಿಕೆಯಿಂದ ಚೀಲಕ್ಕೆ ಇಳಿದಿದ್ದ ಮೂತ್ರದ ಬಣ್ಣ ನೋಡಿ ಉದ್ದಿಯ ಮೇಲೆ ರೇಗಿದಳು. "ಇಷ್ಟು ದಿನ ಏನು ಮಾಡ್ತಿದ್ರಿ? ಸೋಂಕು ಮೂತ್ರಪಿಂಡಕ್ಕೆ ಹತ್ತಿದೆ. ನೀರು ಚೆನ್ನಾಗಿ ಕುಡೀಬೇಕು. ಬಂದಾಗ ತಡೆಹಿಡೀಬಾರ್ದು. ಹಿಡಿದ್ರೆ ಇನ್ನೊಂದ್ಸಲ ಇವರನ್ನ ಉಳಿಸೋದು ಕಷ್ಟ. ಅರ್ಥ ಆಯ್ತಾ?"

ಅರ್ಥವಾಗದೆ ಏನು. ಅರ್ಥವಾಗಬೇಕಾದವರು ಬೇರೆ ಇದ್ದರು.

ಉದ್ದಿ ಮೇಸ್ತ್ರಿಯ ಹತ್ತಿರ ಹೋದಳು. ಅವನು ಆರೋಗ್ಯ ನಿರೀಕ್ಷಕರ ಹತ್ತಿರ ಕಳಿಸಿದ. ನಿರೀಕ್ಷಕರು, ದೂರು ಆ್ಯಪಿನಲ್ಲಿ ಹಾಕಿ, ಈಗ ಎಲ್ಲ ಅದರಲ್ಲೇ ಎಂದರು. ಉದ್ದಿಯ ಅಳಿಯ ಆ್ಯಪಿನಲ್ಲಿ ಹಾಕಿಕೊಟ್ಟ. ಸಂಜೆಗೆ ಉತ್ತರ ಬಂತು: ನಿಮ್ಮ ವಾರ್ಡಿನಲ್ಲಿ ಶೌಚಾಲಯ ಲಭ್ಯವಿದೆ, ಸಮಸ್ಯೆ ಬಗೆಹರಿದಿದೆ, ಧನ್ಯವಾದಗಳು. ಉದ್ದಿ ಅದನ್ನು ಅಳಿಯನಿಂದ ಎರಡು ಸಲ ಓದಿಸಿದಳು. ಬಾವಿಗೆ ಬಿದ್ದವಳಿಗೆ ಮೇಲಿನಿಂದ ಬಗ್ಗಿ ನೋಡಿ ನಮಸ್ಕಾರ ಹೇಳಿ ಹೋದ ಹಾಗಾಯಿತು.

ತಂಗಿ ಆಸ್ಪತ್ರೆಯಿಂದ ಬಂದಳು, ಇನ್ನೂ ನಡುಗುತ್ತಿದ್ದಳು. ಹೆಚ್ಚು ದಿನ ರಜೆ ಹಾಕಿದರೆ ಅವಳ ಪೊರಕೆ ಇನ್ನೊಬ್ಬಳ ಕೈಗೆ ಹೋಗುತ್ತದೆ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ. ಕೆಲಸಕ್ಕೆ ಬಂದಳು. ವೈದ್ಯೆ ಹೇಳಿದಂತೆ ಬಾಟಲಿಯಿಂದ ನೀರು ಕುಡಿಯುತ್ತಿದ್ದಳು. ಪ್ರತಿ ಗುಟುಕಿಗೂ ಅಕ್ಕನ ಮುಖ ನೋಡುತ್ತಿದ್ದಳು, ಕದ್ದು ಕುಡಿಯುವವಳ ಹಾಗೆ.

ಆ ದಿನವೇ ಬೇರೊಂದು ಮಹಾನಗರದಿಂದ ಅಧಿಕಾರಿಗಳು ಬರುವವರಿದ್ದರು. ಇಲ್ಲಿನ ಸುಧಾರಣೆ ನೋಡಿ ಅಲ್ಲಿಯೂ ಹಾಗೆಯೇ ಮಾಡಬೇಕಂತೆ. ಮೇಸ್ತ್ರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೂಕುಂಡ ಸರಿಸಿದ, ನೆಲಹಾಸು ಬಿಡಿಸಿದ, ಗಾಜು ಮತ್ತೆ ಒರೆಸಿದ. ಉದ್ದಿ ಶೌಚಾಲಯ ತೊಳೆಯುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. "ಮುಗಿದ ಮೇಲೆ ಬೀಗ ಹಾಕಿ ಕೀಲಿ ತಂದ್ಕೊಡು" ಎಂದು ಬೀಗ, ಕೀಲಿ ಎರಡನ್ನೂ ಅವಳ ಕೈಗೆ ತುರುಕಿ ಓಡಿದ.

ಅವಳು ತೊಳೆದು ಮುಗಿಸಿದಳು. ಬೀಗ ಕೈಯಲ್ಲಿತ್ತು. ಆಗ ಹುಲ್ಲುಹಾಸಿನ ಕಡೆಯಿಂದ ತಂಗಿ ಬಂದಳು. ಎರಡು ಕೈಯಲ್ಲೂ ಕಿಬ್ಬೊಟ್ಟೆ ಅದುಮಿಕೊಂಡಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕ, ಆಗ್ತಿಲ್ಲ."

"ಒಳಗೆ ಹೋಗು."

"ಬೇಡ. ನಿನಗೆ ಬೈತಾರೆ. ಗಾಡಿ ಹಿಂದೆ ಹೋಗ್ತೀನಿ."

"ಗಾಡಿ ಹಿಂದೆ ಕ್ಯಾಮೆರಾ ಇದೆ. ಹೋಗು ಅಂದ್ನಲ್ಲ."

ತಂಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉದ್ದಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಳಗಿನಿಂದ ನರಳುವುದು ಕೇಳಿಸುತ್ತಿತ್ತು. ತೊಟ್ಟು ತೊಟ್ಟಾಗಿ, ಉರಿಯುತ್ತ, ನಿಂತು ನಿಂತು ಬರುತ್ತಿರಬೇಕು. ಅವಸರಪಡಿಸಲು ಬರುವಂಥದ್ದಲ್ಲ.

ಮೇಸ್ತ್ರಿ ಮೊದಲು ಬಂದ. ಅವಳನ್ನು ನೋಡಿದ, ಬೀಗ ನೋಡಿದ, ಮುಚ್ಚಿದ ಬಾಗಿಲು ನೋಡಿದ. ಅವನಿಗೆ ತಿಳಿಯಿತು. "ಎಬ್ಸು ಅವಳ್ನ. ಬಂದ್ಬಿಟ್ರು. ನನ್ನ ತಲೆ ಹೋಗತ್ತೆ" ಎಂದು ಬಾಗಿಲು ಬಡಿಯಲು ಕೈ ಎತ್ತಿದ. ಉದ್ದಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ವರ್ಷಗಟ್ಟಲೆ ಊರು ಗುಡಿಸಿದ ಹಿಡಿತ ಅದು.

"ನನ್ನನ್ನ ಎಬ್ಬಿಸ್ದೆ, ಎದ್ದೆ. ಅವಳನ್ನ ಎಬ್ಬಿಸೋಕೆ ಬಿಡಲ್ಲ."

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಇಸ್ತ್ರಿ ಸಾಹೇಬರು ಮುಂದೆ, ಅತಿಥಿಗಳು ಹಿಂದೆ, ಕ್ಯಾಮೆರಾದವನು ಪಕ್ಕದಲ್ಲಿ. ಅತಿಥಿಗಳ ಪೈಕಿ ವಯಸ್ಸಾದ ಹಿರಿಯ ಅಧಿಕಾರಿಣಿಯೊಬ್ಬರು ನೇರವಾಗಿ ಶೌಚಾಲಯದತ್ತ ಬಂದರು. ಬಹಳ ದೂರದಿಂದ ಕಾರಿನಲ್ಲಿ ಕೂತು ಬಂದವರು. ಅವರ ನಡಿಗೆಯನ್ನು ನೋಡಿಯೇ ಉದ್ದಿಗೆ ಗೊತ್ತಾಯಿತು. ಆ ನಡಿಗೆ ಅವಳಿಗೆ ಹೊಸದಲ್ಲ.

"ಸ್ವಲ್ಪ ಸುಧಾರಿಸ್ಕೊಳ್ಳಿ ಮೇಡಂ. ಒಳಗೆ ನನ್ನ ತಂಗಿ ಇದಾಳೆ. ಹುಷಾರಿಲ್ಲ, ತಡ ಆಗತ್ತೆ."

ಮೇಡಂ ನಿಂತರು. "ಬೇರೆ ಇಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಹೆಂಗಸರಿಗೆ ಇತ್ತು. ನೀವು ಈಗ ದಾಟಿ ಬಂದ್ರಲ್ಲ ಹುಲ್ಲು, ಅದೇ ಜಾಗ."

ಮೇಡಂ ಆಯುಕ್ತರ ಕಡೆ ತಿರುಗಿದರು. ಆಯುಕ್ತರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿಗೆ ತಿರುಗಲು ಗೋಡೆ ಮಾತ್ರ ಇತ್ತು. ಒಳಗಿನ ನರಳಿಕೆ ಎಲ್ಲರಿಗೂ ಕೇಳಿಸುತ್ತಿತ್ತು. ಮೇಡಂ ಗೋಡೆಗೆ ಕೈಯೂರಿ, ಕಾಲು ಒತ್ತಿಕೊಂಡು, ತಮ್ಮ ಸರದಿ ಕಾದರು. ಗಂಡಸರೆಲ್ಲ ಚಾವಣಿಯ ದೀಪಗಳನ್ನು ಮೆಚ್ಚಿಕೊಂಡು ನೋಡಿದರು.

ಚಿಲಕದ ಸದ್ದಾಯಿತು. ತಂಗಿ ಹೊರಗೆ ಬಂದಳು, ಹೊರಗಿನ ದನಿಗಳಿಗೆ ಹೆದರಿ ನೀರು ಬಿಡುವುದನ್ನೂ ಮರೆತಿದ್ದಳು. ತಪ್ಪು ಮಾಡಿದವಳಂತೆ ಅಕ್ಕನ ಬೆನ್ನಿಗೆ ಅಂಟಿದಳು.

ಆಯುಕ್ತರು ಬುದ್ಧಿವಂತರು. ಅಷ್ಟರಲ್ಲಿ ದಾರಿ ಹುಡುಕಿಕೊಂಡಿದ್ದರು. ಮುಖದ ತುಂಬ ನಗು ತಂದುಕೊಂಡು ಅತಿಥಿಗಳಿಗೆ ಹೇಳಿದರು: "ನೋಡಿ, ನಮ್ಮಲ್ಲಿ ಭೇದ ಇಲ್ಲ. ನಾಗರಿಕರು ಬಳಸೋದನ್ನೇ ನಮ್ಮ ಅಕ್ಕಂದಿರೂ ಬಳಸ್ತಾರೆ. ಇದು ಕಟ್ಟಡದ ಸುಧಾರಣೆ ಅಲ್ಲ, ಮನಸ್ಸಿನ ಸುಧಾರಣೆ."

ಹಿಂದಿದ್ದ ಇಬ್ಬರು ಚಪ್ಪಾಳೆ ತಟ್ಟಿದರು. ಮೇಡಂ ತಟ್ಟಲಿಲ್ಲ. ಕ್ಯಾಮೆರಾದವನು ಮುಂದೆ ಬಂದ. ಆಯುಕ್ತರು ಅಕ್ಕತಂಗಿಯರ ಪಕ್ಕಕ್ಕೆ ಬಂದು ನಿಂತರು. ಹತ್ತಿರ ನಿಂತರು, ತಾಗುವಷ್ಟು ಹತ್ತಿರವಲ್ಲ.

"ಅಕ್ಕ, ಸ್ವಲ್ಪ ನಗಿ" ಎಂದರು.

ಉದ್ದಿಗೆ ಏನಾಯಿತೋ. ಬೈದಿದ್ದರೆ ನುಂಗುತ್ತಿದ್ದಳು, ನುಂಗಿ ಅಭ್ಯಾಸವಿತ್ತು. ಹೊಡೆದಿದ್ದರೂ ಬಹುಶಃ ನುಂಗುತ್ತಿದ್ದಳು. ತನ್ನ ತಂಗಿಯ ನರಳಿಕೆಯನ್ನು ಕಿವಿಯಾರೆ ಕೇಳಿದ ಮೇಲೂ ಅದನ್ನೇ ತಮ್ಮ ಹೆಗ್ಗಳಿಕೆ ಮಾಡಿಕೊಂಡು, ಮೇಲಿಂದ ನಗು ಎನ್ನುತ್ತಿದ್ದಾರಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ನಗಲ್ಲ" ಎಂದಳು.

ತಿರುಗಿ ಒಳಗೆ ಹೋದಳು. ಕಮೋಡಿನಲ್ಲಿ ತಂಗಿಯದು ಹಾಗೇ ನಿಂತಿತ್ತು, ಕೆಂಪು ಬೆರೆತ ಹಳದಿ. ಉದ್ದಿ ಕೈಯಲ್ಲಿದ್ದ ಬೀಗವನ್ನು ಅದರಲ್ಲಿ ಹಾಕಿದಳು. ಕೀಲಿಯನ್ನೂ ಹಾಕಿದಳು. ಹೊರಗೆ ನಿಂತವರಿಗೆಲ್ಲ ಟಣ್ ಎಂದು ಕೇಳಿಸಿತು.

"ನೋಡಿ ಸಾರ್. ಬೀಗ ಅಲ್ಲಿದೆ. ಬೇಕಾದೋರು ತಗೊಳ್ಳಿ."

ಆಯುಕ್ತರ ನಗು ಇನ್ನೂ ಮುಖದ ಮೇಲೆಯೇ ಇತ್ತು, ತೆಗೆಯಲು ಮರೆತಂತೆ. "ಯಾವ ಬೀಗ?" ಎಂದರು.

"ಭೇದ ಇಲ್ದಿರೋ ಬಾಗಿಲಿಗೆ ಹಾಕ್ತಿದ್ರಲ್ಲ, ಅದು."

ಮೇಡಂ ಬಗ್ಗಿ ಒಳಗೆ ನೋಡಿದರು. ನೀರಿನ ಬಣ್ಣ ಕಂಡಿತು. ತಂಗಿಯ ಮುಖ ನೋಡಿದರು. ಅವರ ಅವಸರ ಇನ್ನೂ ಹಾಗೇ ಇತ್ತು, ಹಿಂದೆ ಸರಿಯಲಿಲ್ಲ. "ತೆಗೆಸಿ ಅದನ್ನ" ಎಂದು ಆಯುಕ್ತರಿಗೆ ಹೇಳಿದರು. ದನಿಯಲ್ಲಿ ಮೇಲಧಿಕಾರಿ ಇದ್ದರು.

"ಅಕ್ಕ, ತೆಗೀರಿ" ಎಂದರು ಆಯುಕ್ತರು.

"ತೆಗೀಯಲ್ಲ."

"ನಿಮ್ಮ ಕೆಲಸ ಅಲ್ವಾ ಇದು?"

"ತೊಳೆಯೋದು ನನ್ನ ಕೆಲಸ. ತೊಳ್ದಿದೀನಿ. ಬೀಗ ನಂದಲ್ಲ."

ಆಯುಕ್ತರು ಮೇಸ್ತ್ರಿಯನ್ನು ನೋಡಿದರು, ಅಷ್ಟೇ. ಮೇಸ್ತ್ರಿ ಅಂಗಿಯ ತೋಳು ಮಡಚತೊಡಗಿದ. ಒಂದು ಮಡಿಕೆ, ಇನ್ನೊಂದು ಮಡಿಕೆ. ಮೊಣಕೈಯ ಮೇಲೆ ಹಳೆಯ ಗಾಯದ ಕಲೆಗಳು ಕಂಡವು, ಚರಂಡಿಯ ಕಲ್ಲು ತರಚಿದವು. ಅವನನ್ನು ಹಾಗೆ ನೋಡಿ ಉದ್ದಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ಸಿಟ್ಟು ಬಂತು. ಎಷ್ಟು ಮೇಲಿನಿಂದ ಬಿದ್ದರೂ ಹೇಲು ಕೊನೆಗೆ ಬಂದು ಬೀಳುವುದು ಇಂಥವರ ಕೈಗೇ.

"ನೀನಲ್ಲ ಮೇಸ್ತ್ರಿ" ಎಂದಳು. "ಬೀಗ ಹಾಕಿಸಿದ್ದು ನೀನಲ್ಲ. ಬಿಡು."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ಆಯುಕ್ತರಿಗೆ ದಾರಿ ಬಿಟ್ಟಳು. ಗಾಜಿನ ಆಚೆ ಹುಲ್ಲುಹಾಸಿನ ಮೇಲೆ ಕೆಮ್ಮಜ್ಜಿ, ಅವಳ ಹಿಂದೆ ಉಳಿದ ಹೆಂಗಸರು ಪೊರಕೆ ಹಿಡಿದು ಬಂದು ನಿಂತಿದ್ದರು. ಟೋಕನ್ ಹಿಡಿದ ನಾಗರಿಕರೂ ಕುರ್ಚಿ ಬಿಟ್ಟು ಎದ್ದಿದ್ದರು. ಕ್ಯಾಮೆರಾದವನು ಕ್ಯಾಮೆರಾ ಇಳಿಸಲಿಲ್ಲ.

ಆಯುಕ್ತರು ಒಂದು ಹೆಜ್ಜೆ ಮುಂದೆ ಬಂದರು. ಕಮೋಡನ್ನು ನೋಡಿದರು. ತಮ್ಮ ತೋಳಿನ ಇಸ್ತ್ರಿಯ ಗೆರೆ ನೋಡಿಕೊಂಡರು. ಆಮೇಲೆ ಮೇಸ್ತ್ರಿಯ ಕಡೆ ತಿರುಗದೆಯೇ ಕೈ ಚಾಚಿ, "ಗ್ಲೌಸ್ ಕೊಡಿ" ಎಂದರು.

ಮೇಸ್ತ್ರಿ ಮಡಚಿದ ತೋಳನ್ನು ಇಳಿಸಲಿಲ್ಲ. ಉದ್ದಿಯ ಬೆಳ್ಳಗಾದ ಬೆರಳುಗಳನ್ನು ನೋಡಿದ.

"ಗ್ಲೌಸ್ ಇಲ್ಲ ಸಾರ್" ಎಂದ. "ಈ ವಾರ್ಡಿಗೆ ಇದುವರೆಗೆ ಬಂದೇ ಇಲ್ಲ."